ಲಾಸ್ ಕೆಚಪ್: ‘ಒಂದೇ ಹಾಡಿನ ತಂಡ’ ಅನ್ನೋ ಹಣೆಪಟ್ಟಿಯ ಹಿಂದಿನ ಲೆಕ್ಕ

2002ರಲ್ಲಿ ಸ್ಪೇನ್‌ನ ಕೊರ್ಡೊಬಾ ಊರಿನ ಮೂವರು ಅಕ್ಕತಂಗಿಯರು ಹಾಡಿದ ಹಾಡೊಂದು 20ಕ್ಕೂ ಹೆಚ್ಚು ದೇಶಗಳಲ್ಲಿ ನಂಬರ್ ಒನ್ ಆಯ್ತು. 70 ಲಕ್ಷಕ್ಕೂ ಹೆಚ್ಚು ಪ್ರತಿಗಳು ಮಾರಾಟವಾದವು. ತಂಡದ ಹೆಸರು ಲಾಸ್ ಕೆಚಪ್, ಹಾಡಿನ ಹೆಸರು ‘ಅಸೆರೆಹೇ’. ಸ್ಪೇನ್‌ನ ಹೊರಗೆ ಬಹಳ ಜನರಿಗೆ ಅದು ‘ದಿ ಕೆಚಪ್ ಸಾಂಗ್’ ಅಂತಲೇ ಗೊತ್ತು. ನಾಲ್ಕು ವರ್ಷ ಕಳೆಯಿತು. ಅದೇ ಅಕ್ಕತಂಗಿಯರು ಯೂರೋವಿಷನ್ ಹಾಡಿನ ಸ್ಪರ್ಧೆಯಲ್ಲಿ ಸ್ಪೇನ್ ಪರವಾಗಿ ನಿಂತಾಗ ಫೈನಲ್‌ನ 24 ದೇಶಗಳ ಪೈಕಿ ಸಿಕ್ಕಿದ್ದು 21ನೇ ಸ್ಥಾನ.

ಇವತ್ತು ಅವರ ಹೆಸರು ಹುಡುಕಿದರೆ ಸಿಗುವುದು ‘ಒನ್ ಹಿಟ್ ವಂಡರ್’ ಪಟ್ಟಿಗಳು. ಒಂದೇ ಹಾಡು, ಆಮೇಲೆ ನಾಪತ್ತೆ. ಓದುವವರಿಗೆ ಮಜಾ, ಬರೆಯುವವರಿಗೆ ಸುಲಭ. ಆದರೆ ಈ ಹಣೆಪಟ್ಟಿ ಸದ್ದಿಲ್ಲದೆ ಒಂದು ಕೆಲಸ ಮಾಡುತ್ತೆ. ಹಾಡು ಯಾರ ಆಸ್ತಿ, ಅದರ ಆದಾಯ ಯಾರ ಕಡೆ ಹರಿಯುತ್ತೆ ಅನ್ನೋ ಪ್ರಶ್ನೆಯನ್ನು ಬದಿಗೆ ಸರಿಸಿ, ಎಲ್ಲವನ್ನೂ ಹಾಡಿದವರ ಪ್ರತಿಭೆಯ ಪ್ರಶ್ನೆಯನ್ನಾಗಿ ಮಾಡಿಬಿಡುತ್ತೆ.

ಟೊಮೆಟೊ ಮಕ್ಕಳು

ಲೋಲಾ, ಪಿಲಾರ್ ಮತ್ತು ಲೂಸಿಯಾ ಮುನ್ಯೋಸ್ ಸಂಗೀತದ ಮನೆಯಲ್ಲೇ ಬೆಳೆದವರು. ಅಪ್ಪ ಹುವಾನ್ ಮುನ್ಯೋಸ್ ಫ್ಲಮೆಂಕೊ ಗಿಟಾರ್ ವಾದಕ. ಜನ ಅವರನ್ನು ಕರೀತಿದ್ದಿದ್ದು ‘ಎಲ್ ತೊಮಾತೆ’, ಅಂದರೆ ಟೊಮೆಟೊ. ಟೊಮೆಟೊ ಮಕ್ಕಳು ಕೆಚಪ್ ಆದರು. ಮೊದಲ ಆಲ್ಬಂನ ಹೆಸರೇ ‘ಟೊಮೆಟೊನ ಹೆಣ್ಣುಮಕ್ಕಳು’ ಅನ್ನೋ ಅರ್ಥದ ‘ಇಹಾಸ್ ದೆಲ್ ತೊಮಾತೆ’.

ಆ ಕಾಲದ ಬಹುತೇಕ ಹುಡುಗಿಯರ ತಂಡಗಳು ಆಡಿಷನ್‌ನಲ್ಲಿ ಹುಟ್ಟಿದವು. ಸ್ಪೈಸ್ ಗರ್ಲ್ಸ್ ತಂಡಕ್ಕೆ ಹುಡುಗಿಯರು ಸಿಕ್ಕಿದ್ದು ಪತ್ರಿಕಾ ಜಾಹೀರಾತಿನ ಮೂಲಕ. 1999ರಲ್ಲಿ ನ್ಯೂಜಿಲೆಂಡ್‌ನಲ್ಲಿ ಶುರುವಾದ ‘ಪಾಪ್‌ಸ್ಟಾರ್ಸ್’ ಟಿವಿ ಶೋ ದೇಶದಿಂದ ದೇಶಕ್ಕೆ ಹೋಗಿ ಇಂಥ ತಂಡಗಳನ್ನು ತಯಾರಿಸಿತು. ಕೆಚಪ್ ಸೋದರಿಯರು ಹಾಗಲ್ಲ, ನಿಜಕ್ಕೂ ಒಡಹುಟ್ಟಿದವರು. ಹಾಡು ಬರೆದ ಮನುವೆಲ್ ರೂಯಿಸ್ ಅಲಿಯಾಸ್ ಕೇಕೊ ಕೂಡ ಕೊರ್ಡೊಬಾದವರೇ. ಹಾಡು ಹೊರಬಂದಿದ್ದು ಶೇಕ್‌ಟೌನ್ ಅನ್ನೋ ಸಣ್ಣ ಲೇಬಲ್‌ನಿಂದ. ಅದನ್ನು ಪ್ರಪಂಚಕ್ಕೆ ಹಂಚಿದ್ದು ದೈತ್ಯ ಕಂಪನಿ ಸೋನಿ. ಊರು ಸಣ್ಣದು, ಪೈಪ್‌ಲೈನ್ ಮಾತ್ರ ದೊಡ್ಡದು.

ಕೇಳಿಸಿದ ಹಾಗೆ ಹಾಡಿದ್ದು

ಹಾಡಿನ ಕಥೆ ಸರಳ. ದಿಯೆಗೊ ಅನ್ನೋ ಮೋಜುಗಾರ ಕ್ಲಬ್‌ಗೆ ಬರ್ತಾನೆ. ಡಿಜೆ ಅವನ ಇಷ್ಟದ ಇಂಗ್ಲಿಷ್ ರ‍್ಯಾಪ್ ಹಾಕ್ತಾನೆ. ದಿಯೆಗೊಗೆ ಇಂಗ್ಲಿಷ್ ಬರಲ್ಲ, ಆದರೂ ಕಿವಿಗೆ ಬಿದ್ದ ಹಾಗೆ ಹಾಡ್ತಾನೆ. ‘ಅಸೆರೆಹೇ’ ಅನ್ನೋ ಅರ್ಥವಿಲ್ಲದ ಪಲ್ಲವಿ ಹುಟ್ಟಿದ್ದು ಹೀಗೆ. ಅವನು ಕೇಳಿಸಿಕೊಂಡಿದ್ದು ಶುಗರ್‌ಹಿಲ್ ಗ್ಯಾಂಗ್‌ನ 1979ರ ‘ರ‍್ಯಾಪರ್ಸ್ ಡಿಲೈಟ್’.

ಅರ್ಥವಿಲ್ಲದ ಮಾತಿಗೂ ಜನ ಅರ್ಥ ಹಚ್ಚಿದರು. ಲ್ಯಾಟಿನ್ ಅಮೆರಿಕದ ಹಲವೆಡೆ ಇದು ಸೈತಾನನ ಹಾಡು ಅಂತ ವದಂತಿ ಹಬ್ಬಿತು. ‘ಅಸೆರೆಹೇ’ಯನ್ನು ಬಿಡಿಸಿದರೆ ಸ್ಪ್ಯಾನಿಷ್‌ನಲ್ಲಿ ‘ಧರ್ಮದ್ರೋಹಿಯಾಗು’ ಅಂತ ಬರುತ್ತೆ ಅನ್ನೋದು ಅವರ ವಾದ. ವಾಟ್ಸ್‌ಆಪ್ ಇಲ್ಲದ ಕಾಲದ ವಾಟ್ಸ್‌ಆಪ್ ಯೂನಿವರ್ಸಿಟಿ ಅನ್ನಬಹುದು.

ನಮಗೆ ಮುಖ್ಯವಾದದ್ದು ‘ರ‍್ಯಾಪರ್ಸ್ ಡಿಲೈಟ್’ನ ಹಿನ್ನೆಲೆ. ಆ ಹಾಡಿನ ಜೀವಾಳವಾದ ಬೇಸ್ ತಾಳ ಶೀಕ್ ತಂಡದ ‘ಗುಡ್ ಟೈಮ್ಸ್’ನಿಂದ ಬಂದದ್ದು. ಶೀಕ್‌ನ ನೈಲ್ ರಾಜರ್ಸ್ ಮತ್ತು ಬರ್ನಾರ್ಡ್ ಎಡ್ವರ್ಡ್ಸ್ ಕೋರ್ಟಿಗೆ ಹೋಗ್ತೀವಿ ಅಂದ ಮೇಲೆ ಅವರ ಹೆಸರು ಹಾಡಿನ ರಚನಕಾರರ ಪಟ್ಟಿ ಸೇರಿತು. ಅದೇ ಹಾಡಿನ ಒಂದಷ್ಟು ಪ್ರಾಸದ ಸಾಲುಗಳನ್ನು ಬರೆದವರು ಬ್ರಾಂಕ್ಸ್‌ನ ರ‍್ಯಾಪರ್ ಗ್ರಾಂಡ್‌ಮಾಸ್ಟರ್ ಕ್ಯಾಜ್. ತನ್ನ ಸಾಲುಗಳಿಗೆ ಹೆಸರೂ ಸಿಗಲಿಲ್ಲ, ದುಡ್ಡೂ ಸಿಗಲಿಲ್ಲ ಅಂತ ಅವರು ದಶಕಗಳಿಂದ ಹೇಳ್ತಲೇ ಇದ್ದಾರೆ. ಒಂದೇ ಹಾಡು, ಇಬ್ಬರಿಗೆ ಪಾಲು ಸಿಕ್ಕಿತು, ಒಬ್ಬರಿಗೆ ಇಲ್ಲ. ವ್ಯತ್ಯಾಸ ಪ್ರತಿಭೆಯಲ್ಲಿ ಇರಲಿಲ್ಲ. ವಕೀಲರನ್ನು ಕಳಿಸುವ ತಾಕತ್ತು ಯಾರಿಗಿತ್ತು ಅನ್ನೋದರಲ್ಲಿತ್ತು.

ಬರೆದವರ ಹಕ್ಕು, ಹಾಡಿದವರ ಹಕ್ಕು

ಪ್ರತಿಯೊಂದು ಹಾಡಿನಲ್ಲೂ ಎರಡು ಆಸ್ತಿಗಳಿರುತ್ತವೆ. ಒಂದು ರಚನೆ, ಅಂದರೆ ಸಾಹಿತ್ಯ ಮತ್ತು ರಾಗ. ಇನ್ನೊಂದು ರೆಕಾರ್ಡಿಂಗ್. ರಚನೆ ಬರೆದವರದ್ದು ಮತ್ತು ಅವರ ಪ್ರಕಾಶಕರದ್ದು. ರೆಕಾರ್ಡಿಂಗ್ ಸಾಮಾನ್ಯವಾಗಿ ಲೇಬಲ್‌ನದ್ದು. ಹಾಡಿದವರಿಗೆ ಸಿಗೋದು ಒಪ್ಪಂದದಲ್ಲಿ ಬರೆದಿರುವಷ್ಟು, ಜೊತೆಗೆ ಆಯಾ ದೇಶದ ಕಾನೂನು ಕೊಡುವಷ್ಟು.

ಸ್ಪೇನ್‌ನಲ್ಲಿ ಹಾಡು ಬರೆದವರ ಪರವಾಗಿ ಎಸ್‌ಜಿಎಇ ಅನ್ನೋ ಸಂಸ್ಥೆ ಹಣ ವಸೂಲಿ ಮಾಡುತ್ತೆ. ಹಾಡುವವರು, ನುಡಿಸುವವರ ಪರವಾಗಿ ಎಐಇ ಇದೆ. ಹಾಗಾಗಿ ಅಲ್ಲಿ ರೇಡಿಯೊದಲ್ಲಿ ಹಾಡು ಬಂದರೆ ಇಬ್ಬರಿಗೂ ಏನೋ ಒಂದು ಪಾಲು ಇದೆ. ಅಮೆರಿಕದಲ್ಲಿ ಕಥೆಯೇ ಬೇರೆ. ಅಲ್ಲಿನ ಎಫ್‌ಎಂ ಸ್ಟೇಷನ್‌ಗಳು ಹಾಡು ಬರೆದವರಿಗೆ ದುಡ್ಡು ಕೊಡುತ್ತವೆ, ಹಾಡಿದವರಿಗೆ ಕೊಡಬೇಕಿಲ್ಲ. ಕಾನೂನೇ ಹಾಗಿದೆ. ‘ಅಸೆರೆಹೇ’ ಅಮೆರಿಕದ ಬಿಲ್‌ಬೋರ್ಡ್ ಪಟ್ಟಿಯಲ್ಲಿ 54ನೇ ಸ್ಥಾನದವರೆಗೆ ಹೋಗಿತ್ತು ಅನ್ನೋದನ್ನು ನೆನಪಿಟ್ಟುಕೊಳ್ಳಿ.

ಬ್ರೆಜಿಲ್‌ನಲ್ಲಿ ಪಾಪ್‌ಸ್ಟಾರ್ಸ್ ಶೋನಿಂದಲೇ ಹುಟ್ಟಿದ ರೂಜ್ ಅನ್ನೋ ಹುಡುಗಿಯರ ತಂಡ ಇದೇ ಹಾಡನ್ನು ಪೋರ್ಚುಗೀಸ್‌ಗೆ ತಂದು ಭಾರಿ ಹಿಟ್ ಮಾಡಿತು. ಹೀಗೆ ಹಾಡೊಂದು ಹೊಸ ಭಾಷೆ, ಹೊಸ ಬಾಯಿಗೆ ಹೋದಾಗಲೆಲ್ಲ ರಚನೆಯ ಮಾಲೀಕರಿಗೆ ಪಾಲು ಗ್ಯಾರಂಟಿ. ಮೊದಲು ಹಾಡಿ ಅದನ್ನು ಜಗತ್ತಿಗೆ ಪರಿಚಯಿಸಿದವರಿಗೆ ಆ ಗ್ಯಾರಂಟಿ ಇಲ್ಲ. ಯುರೋಪ್‌ನಲ್ಲಿ ಅವಧಿಯಲ್ಲೂ ತಾರತಮ್ಯ ಇದೆ. ಬರೆದವರ ಹಕ್ಕು ಅವರ ಜೀವಮಾನ ಪೂರ್ತಿ, ಆಮೇಲೂ 70 ವರ್ಷ. ರೆಕಾರ್ಡಿಂಗ್ ಮೇಲಿನ ಹಕ್ಕು ಬಿಡುಗಡೆಯಾದ ಮೇಲೆ 70 ವರ್ಷ. ಅಂದರೆ 2072ಕ್ಕೆ ಮುಗೀತು.

ಬರೆದವರಿಗೆ ಹೆಚ್ಚು ಸಿಗಬೇಕಲ್ವಾ, ಹಾಡೇ ಇಲ್ಲದಿದ್ದರೆ ಈ ಮೂವರು ಎಲ್ಲಿರುತ್ತಿದ್ದರು ಅಂತ ಕೇಳಬಹುದು. ನ್ಯಾಯವಾದ ಪ್ರಶ್ನೆ. ಕೇಕೊ ಪಾಲನ್ನು ಯಾರೂ ಕಿತ್ತುಕೊಳ್ಳಬೇಕಿಲ್ಲ. ಆದರೆ ಜನ ‘ಅಸೆರೆಹೇ’ಯನ್ನು ನೆನಪಿಟ್ಟಿರೋದು ಹಾಳೆಯ ಮೇಲಿನ ಸಾಲುಗಳಾಗಿ ಅಲ್ಲ. ಆ ದನಿ, ಆ ಮುಖಗಳು, ಮಕ್ಕಳಿಂದ ಅಜ್ಜಿಯರ ತನಕ ಕಲಿತ ಆ ಕೈಯಾಟ, ಇಷ್ಟೂ ಸೇರಿ ಅದು ಹಾಡು. ಮಾರಾಟವಾದದ್ದು ಇದೆಲ್ಲಾ. ಲೆಕ್ಕ ಬರೆಯುವಾಗ ಮಾತ್ರ ಇದರಲ್ಲಿ ಅರ್ಧ ಕಾಣಿಸಲ್ಲ.

ಅಥೆನ್ಸ್‌ನಲ್ಲಿ ಸೋತಿದ್ದು ಯಾರು?

ಸ್ಪೇನ್‌ನಲ್ಲಿ ‘ಬೇಸಿಗೆಯ ಹಾಡು’ ಅನ್ನೋದೇ ಒಂದು ಸಂಪ್ರದಾಯ. ಪ್ರತಿ ಬೇಸಿಗೆಗೆ ಒಂದು ಹಾಡು ಬೀಚ್‌ನಿಂದ ಊರ ಜಾತ್ರೆಯವರೆಗೆ ಎಲ್ಲೆಡೆ ಮೊಳಗುತ್ತೆ, ಮುಂದಿನ ಬೇಸಿಗೆಗೆ ಬೇರೆ ಹಾಡು ಬೇಕು. ಇದೇ ಆಂದಲೂಸಿಯಾ ಪ್ರಾಂತ್ಯದ ಲೋಸ್ ದೆಲ್ ರಿಯೊ ಜೋಡಿಯ ‘ಮಕರೇನಾ’ 1996ರಲ್ಲಿ ಅಮೆರಿಕದಲ್ಲಿ 14 ವಾರ ನಂಬರ್ ಒನ್ ಆಗಿತ್ತು. ಆ ಹೊಸ ಮಧ್ಯವಯಸ್ಕ ಸೂಪರ್‌ಸ್ಟಾರ್‌ಗಳಿಗೂ ಅಂಥ ಇನ್ನೊಂದು ಹಾಡು ಒಲಿಯಲಿಲ್ಲ. ಮಾದರಿ ಇರೋದೇ ಹೀಗೆ. ಇಲ್ಲಿ ಕಲಾವಿದರನ್ನು ಬೆಳೆಸಲ್ಲ, ಹಾಡನ್ನು ಸುಗ್ಗಿಯ ಹಾಗೆ ಕೊಯ್ದು ಮುಂದಕ್ಕೆ ಹೋಗ್ತಾರೆ.

2006ರಲ್ಲಿ ನಾಲ್ಕನೇ ಸೋದರಿ ರೊಸಿಯೊ ಸೇರಿಕೊಂಡರು. ತಂಡ ‘ಉನ್ ಬ್ಲಡಿಮೇರಿ’ ಹಾಡು ಹಿಡಿದು ಯೂರೋವಿಷನ್‌ಗೆ ಅಥೆನ್ಸ್‌ಗೆ ಹೋಯ್ತು. ಸಿಕ್ಕಿದ್ದು 18 ಅಂಕ. ರಾಕ್ಷಸರ ಮುಖವಾಡ ಹಾಕಿದ್ದ ಫಿನ್ಲೆಂಡ್‌ನ ಲೋರ್ಡಿ ತಂಡ 292 ಅಂಕ ಬಾಚಿ ಗೆದ್ದಿತು.

ಹಾಡು ದುರ್ಬಲ ಇತ್ತಾ? ಇರಬಹುದು. ಆದರೆ 2002ರ ಆ ಕೋಟ್ಯಂತರ ಕೇಳುಗರು ಎಲ್ಲಿ ಹೋದರು? ಅವರ ಜೊತೆ ತಂಡಕ್ಕೆ ನೇರ ಸಂಪರ್ಕವೇ ಇರಲಿಲ್ಲ. ಐಟ್ಯೂನ್ಸ್ ಅಂಗಡಿ ತೆರೆದದ್ದು 2003ರಲ್ಲಿ, ಯೂಟ್ಯೂಬ್ ಬಂದದ್ದು 2005ರಲ್ಲಿ. ಸಿಡಿ, ರೇಡಿಯೊ, ಮ್ಯೂಸಿಕ್ ಚಾನೆಲ್, ಎಲ್ಲದರ ಕೀಲಿಕೈ ಬೇರೆಯವರ ಕೈಲಿತ್ತು. ಸೋದರಿಯರಿಗೆ ಹಿಟ್ ಸಿಕ್ಕಿತು, ಅಭಿಮಾನಿ ಬಳಗ ಸಿಗಲಿಲ್ಲ. 2017ರಲ್ಲಿ ‘ದೆಸ್ಪಾಸಿತೊ’ ಸ್ಪ್ಯಾನಿಷ್‌ನಲ್ಲೇ ಜಗತ್ತು ಗೆದ್ದಾಗ ಪರಿಸ್ಥಿತಿ ಬದಲಾಗಿತ್ತು. ಹಾಡಿದವರ ಕೈಯಲ್ಲೇ ತಮ್ಮ ಚಾನೆಲ್, ತಮ್ಮ ಫಾಲೋವರ್ಸ್ ಇದ್ದರು.

ಈಗೇನು?

ಬದಲಾವಣೆ ಆಗಿಲ್ಲ ಅಂತಲ್ಲ. 2019ರ ಯುರೋಪಿಯನ್ ಒಕ್ಕೂಟದ ಕಾಪಿರೈಟ್ ನಿರ್ದೇಶನದ 20ನೇ ವಿಧಿ ಒಂದು ಮುಖ್ಯ ಮಾತು ಹೇಳುತ್ತೆ: ಹಾಡು ತಂದುಕೊಟ್ಟ ಲಾಭಕ್ಕೆ ಹೋಲಿಸಿದರೆ ಮೊದಲು ಒಪ್ಪಿಕೊಂಡ ಸಂಭಾವನೆ ತೀರಾ ಕಡಿಮೆ ಅನ್ನಿಸಿದರೆ, ಬರೆದವರಷ್ಟೇ ಅಲ್ಲ, ಹಾಡಿದವರೂ ಹೆಚ್ಚುವರಿ ಪಾಲು ಕೇಳಬಹುದು. ಸ್ಪೇನ್ ಇದನ್ನು 2021ರಲ್ಲಿ ತನ್ನ ಕಾನೂನಿಗೆ ಸೇರಿಸಿಕೊಂಡಿತು. ಅನಿರೀಕ್ಷಿತ ಹಿಟ್ ಕೊಟ್ಟ ಹೊಸಬರಿಗೆ ಬೇಕಾದ ಅಸ್ತ್ರ ಇದೇ. ಆದರೆ ಹಕ್ಕು ಇದ್ದರೆ ಸಾಲದು, ಕೇಳುವ ಧೈರ್ಯವೂ ವಕೀಲರ ಫೀಸೂ ಬೇಕು. ಒಬ್ಬೊಬ್ಬರಾಗಿ ಹೋದರೆ ಆಗಲ್ಲ, ಸಂಘಟನೆ ಬೇಕು.

ನಮ್ಮಲ್ಲೂ 2012ರ ಕಾಪಿರೈಟ್ ತಿದ್ದುಪಡಿ ಗೀತರಚನಕಾರರು ಮತ್ತು ಸಂಗೀತ ನಿರ್ದೇಶಕರ ರಾಯಧನದ ಪಾಲನ್ನು ಬರೆದುಕೊಟ್ಟರೂ ಹೋಗದ ಹಾಗೆ ಕಾಪಾಡಿತು. ವಾಣಿಜ್ಯ ಬಳಕೆಗೆ ಗಾಯಕರಿಗೂ ರಾಯಧನ ಉಂಟು ಅಂತ ಹೇಳಿತು. ಕನ್ನಡದ ಸಿನಿಮಾ ಹಾಡುಗಳಿಗೂ ಇದೇ ಕಾನೂನು.

ಹಳೆಯ ಹಾಡುಗಳು ಈಗ ರೀಲ್ಸ್, ಸ್ಟ್ರೀಮಿಂಗ್, ಜಾಹೀರಾತುಗಳಲ್ಲಿ ಮತ್ತೆ ಮತ್ತೆ ದುಡಿಯುತ್ತಿವೆ. ಹಾಗಾಗಿ ಇದು 2002ರ ನಾಸ್ಟಾಲ್ಜಿಯಾ ಮಾತ್ರ ಅಲ್ಲ, ಈಗಿನ ಕೂಲಿಯ ಪ್ರಶ್ನೆ. ಇನ್ನೊಂದು ಸಲ ‘ಒನ್ ಹಿಟ್ ವಂಡರ್’ ಪಟ್ಟಿ ಕಣ್ಣಿಗೆ ಬಿದ್ದಾಗ ಆ ಕಲಾವಿದರು ಏನಾದರು ಅಂತಷ್ಟೇ ಕೇಳಬೇಡಿ. ಆ ಒಂದು ಹಿಟ್ ಇವತ್ತಿಗೂ ಯಾರಿಗೆ ದುಡಿದು ಹಾಕ್ತಿದೆ ಅಂತಲೂ ಕೇಳಿ.