ವಯಸ್ಸಿನ ಲೆಕ್ಕ, ಮಗುವಿನ ಅಳು

ಒಂದನೇ ತರಗತಿಗೆ ಸೇರಲು ಜೂನ್ 1ಕ್ಕೆ 6 ವರ್ಷ ತುಂಬಿರಬೇಕೆಂದು ರಾಜ್ಯ ಸರಕಾರ 2022ರಲ್ಲಿ ಆದೇಶಿಸಿತು. ಪೋಷಕರು ಆಕ್ಷೇಪಿಸಿದರು, ಜಾರಿಯನ್ನು 2025-26ನೇ ಸಾಲಿಗೆ ಮುಂದೂಡಲಾಯಿತು. ಆ ಸಾಲು ಬಂದಾಗಲೂ, ಯುಕೆಜಿ ಮುಗಿಸಿದ ಮಕ್ಕಳಿಗಾಗಿ ಮಿತಿಯನ್ನು ಒಂದು ಬಾರಿಗೆ 5 ವರ್ಷ 5 ತಿಂಗಳಿಗೆ ಸಡಿಲಿಸಲಾಯಿತು.

ಹಿಂದಕ್ಕೆ ಲೆಕ್ಕ ಹಾಕಿದರೆ ಈ ಹಗ್ಗಜಗ್ಗಾಟದ ಮೂಲ ತಿಳಿಯುತ್ತದೆ. ನರ್ಸರಿ, ಎಲ್‌ಕೆಜಿ, ಯುಕೆಜಿ ಎಂದು ಮೂರು ವರ್ಷ ಕಳೆದು 5 ವರ್ಷ 5 ತಿಂಗಳಿಗೆ ಒಂದನೇ ತರಗತಿ ತಲುಪುವ ಮಗು, ಶಾಲೆಯ ಗೇಟನ್ನು ಮೊದಲು ದಾಟಿದ್ದು 2 ವರ್ಷ 5 ತಿಂಗಳಿಗೆ. ಅಂಗನವಾಡಿಯಲ್ಲೂ ಶಾಲಾಪೂರ್ವ ಶಿಕ್ಷಣ ಆರಂಭವಾಗುವುದು 3 ತುಂಬಿದ ಮೇಲೆ.

ಅಮ್ಮ ಕಣ್ಮರೆಯಾದರೂ ಮರಳಿ ಬರುತ್ತಾಳೆಂಬ ಭರವಸೆ ಆ ವಯಸ್ಸಿನಲ್ಲಿ ಇನ್ನೂ ಗಟ್ಟಿಯಾಗಿರುವುದಿಲ್ಲ. ಆದರೂ ಅನೇಕ ಶಾಲೆಗಳು ಮೊದಲ ದಿನವೇ ಪೋಷಕರನ್ನು ಗೇಟಿನ ಹೊರಗೆ ನಿಲ್ಲಿಸುತ್ತವೆ. ಎರಡು ದಿನ ಅತ್ತು ಸುಮ್ಮನಾಗುತ್ತದೆ ಎಂಬುದು ಅವುಗಳ ಸಿದ್ಧ ಉತ್ತರ. ಸುಮ್ಮನಾಗುವುದು ಬೇರೆ, ಹೊಂದಿಕೊಳ್ಳುವುದು ಬೇರೆ.

ಹೊಂದಿಕೊಳ್ಳಲು ನೆರವಾಗುವುದಕ್ಕೆ ಹೆಚ್ಚಿನ ಖರ್ಚೇನೂ ಬೇಕಿಲ್ಲ. ಮೊದಲ ವಾರ ಒಂದೆರಡು ಗಂಟೆಯ ತರಗತಿ, ಜತೆಗೆ ಮನೆಯವರೊಬ್ಬರು, ದಿನವೂ ಅದೇ ಶಿಕ್ಷಕಿ. ಮನೆಯವರೂ ಕಣ್ತಪ್ಪಿಸಿ ಓಡದೆ ಹೇಳಿ ಹೊರಡಬೇಕು, ಹೇಳಿದ ಹೊತ್ತಿಗೆ ತಪ್ಪದೆ ಬರಬೇಕು.

2009ರ ಶಿಕ್ಷಣ ಹಕ್ಕು ಕಾಯಿದೆಯ ಖಾತರಿ ಇರುವುದು 6ರಿಂದ 14 ವರ್ಷದವರಿಗೆ. ಅದಕ್ಕಿಂತ ಕಿರಿಯರ ಪರವಾಗಿ ಮಾತನಾಡಬೇಕಾದವರು ಪೋಷಕರೇ. ಶುಲ್ಕ ಕಟ್ಟುವ ಮುನ್ನ ಅವರು ಕೇಳಬೇಕಾದ ಪ್ರಶ್ನೆ ಒಂದೇ: ಮೊದಲ ವಾರ ನಾವೂ ಒಳಗೆ ಕೂರಬಹುದೇ?