ರಕ್ತ ಪರೀಕ್ಷೆಗೆ ನಾವೇಕೆ ಹೆದರಬೇಕು?

ಕ್ಯಾನ್ಸರನ್ನು ರಕ್ತದಲ್ಲೇ ಪತ್ತೆ ಹಚ್ಚುವ ‘ಲಿಕ್ವಿಡ್ ಬಯಾಪ್ಸಿ’ ಎಂಬ ಹೊಸ ಪರೀಕ್ಷೆಯ ಮಾತು ಈಗ ನಮ್ಮ ಕಿವಿಗೂ ಬೀಳುತ್ತಿದೆ. ಲಿವರಿನಲ್ಲಿ ಗಡ್ಡೆ ಬೆಳೆದರೆ ಅದರ ಜೀವಕೋಶಗಳ ಡಿ.ಎನ್.ಎ. ಚೂರುಗಳು ರಕ್ತಕ್ಕೆ ಸೇರುತ್ತವೆ. ತೋಳಿನಿಂದ ರಕ್ತ ತೆಗೆದು ಆ ಚೂರುಗಳನ್ನು ಹುಡುಕುತ್ತಾರೆ. ಆಪರೇಷನ್ನಿನ ನಂತರ ರೋಗದ ಶೇಷ ಉಳಿದಿದೆಯೇ, ಔಷಧ ನಾಟುತ್ತಿದೆಯೇ ಎಂದು ತಿಳಿಯಲೂ ಇದು ನೆರವಾದೀತೆಂದು ವೈದ್ಯರ ಆಸೆ. ಒಳ್ಳೆಯದೇ, ವಿಜ್ಞಾನ ಬೇಡವೆನ್ನುವವರು ನಾವಲ್ಲ.

ಆದರೆ ಗಡ್ಡೆ ಚಿಕ್ಕದಿದ್ದಾಗ ರಕ್ತಕ್ಕೆ ಬೀಳುವ ಚೂರುಗಳೂ ಕಡಿಮೆ. ಪರೀಕ್ಷೆಗೆ ಸಿಗದೆ ಹೋಗಬಹುದು. ಆದ್ದರಿಂದ ಆರು ತಿಂಗಳಿಗೊಮ್ಮೆ ಸೋನೋಗ್ರಫಿ ಮಾಡಿಸುವ ಹಳೆಯ ಕ್ರಮವನ್ನು ಇನ್ನೂ ಬಿಟ್ಟಿಲ್ಲ. ಅದು ಬೇಕಾದದ್ದು ಎಲ್ಲರಿಗೂ ಅಲ್ಲ, ಮುಖ್ಯವಾಗಿ ಸಿರೋಸಿಸ್ ಆಗಿ ಲಿವರ್ ಗಟ್ಟಿಯಾದವರಿಗೆ, ಹೆಪಟೈಟಿಸ್ ಬಿ ಮೈಯಲ್ಲಿ ಬಹುಕಾಲ ನೆಲೆಸಿದ ಹಲವರಿಗೆ. ಕುಡಿತವೂ ಲಿವರನ್ನು ಅಲ್ಲಿಗೇ ಒಯ್ಯುತ್ತದೆ, ಅದನ್ನು ಮುಚ್ಚಿಡುವುದು ಬೇಡ. ಆದರೆ ತನಗೆ ‘ಬಿ’ ಇದೆಯೆಂದೇ ತಿಳಿಯದವನು ಯಾವ ಪರೀಕ್ಷೆಗೆ ಹೋದಾನು?

ನಮ್ಮವರು ನೋಡಿಸಿಕೊಳ್ಳದಿರುವುದು ಸೋಮಾರಿತನದಿಂದಲ್ಲ, ಹೆದರಿಕೆಯಿಂದ. ‘ಬಿ’ ಇದೆಯೆಂದು ಗೊತ್ತಾದರೆ ಅಡಿಗೆಮನೆಯಿಂದ ಹೊರಗೆ ಕಳಿಸುವ ಮಾಲೀಕರಿದ್ದಾರೆ. ಇದು ಅನ್ಯಾಯ ಮಾತ್ರವಲ್ಲ, ಅಜ್ಞಾನ ಕೂಡ. ಊಟ ನೀರಿನಿಂದ ಹರಡುವ ಕಾಮಾಲೆ ‘ಎ’ ಮತ್ತು ‘ಇ’. ‘ಬಿ’ ದೋಸೆ ಸಾಂಬಾರಿನಿಂದಾಗಲೀ ತಟ್ಟೆ ಲೋಟದಿಂದಾಗಲೀ ಹರಡುವುದಿಲ್ಲ. ಅದು ಹರಡುವುದು ರಕ್ತದಿಂದ, ಲೈಂಗಿಕ ಸಂಪರ್ಕದಿಂದ, ಹೆರಿಗೆಯಲ್ಲಿ ತಾಯಿಯಿಂದ ಮಗುವಿಗೆ. ಮಾಳಿಗೆಯಲ್ಲಿ ಒತ್ತೊತ್ತಾಗಿ ಮಲಗುವ ಹುಡುಗರು ಒಂದೇ ಬ್ಲೇಡಿನಲ್ಲಿ ಗಡ್ಡ ಹೆರೆದುಕೊಳ್ಳುತ್ತಾರಲ್ಲ, ಹೆದರಬೇಕಾದದ್ದು ಅದಕ್ಕೆ. (ಆ ಮಾಳಿಗೆಗೆ ಮಾತ್ರ ಯಾವ ಮಾಲೀಕರೂ ಹೆದರಿದ್ದಿಲ್ಲ!)

ಕೇಂದ್ರ ಸರಕಾರ 2018ರ ಜುಲೈ 28ರಂದು ಆರಂಭಿಸಿದ ಹೆಪಟೈಟಿಸ್ ನಿಯಂತ್ರಣ ಕಾರ್ಯಕ್ರಮದಲ್ಲಿ ‘ಬಿ’, ‘ಸಿ’ಗಳ ಪರೀಕ್ಷೆಯೂ ಔಷಧವೂ ಉಚಿತ. ‘ಸಿ’ ಬಹುಮಂದಿಗೆ ಕೆಲವು ತಿಂಗಳ ಮಾತ್ರೆಯಿಂದಲೇ ಗುಣವಾಗುತ್ತದೆ, ‘ಬಿ’ಯನ್ನು ಹತೋಟಿಯಲ್ಲಿಡಬಹುದು. ‘ಬಿ’ ತಗಲದವರಿಗೆ ಲಸಿಕೆಯಿದೆ. ಹೈದರಾಬಾದಿನ ಶಾಂತಾ ಬಯೋಟೆಕ್ನಿಕ್ಸ್ 1997ರಲ್ಲಿ ಅದನ್ನು ನಮ್ಮ ದೇಶದಲ್ಲೇ ತಯಾರಿಸಿ ಮಾರುಕಟ್ಟೆಗೆ ತಂದ ಮೇಲೆ ಬೆಲೆಯೂ ಇಳಿಯಿತು.

ಆದುದರಿಂದ ಮಾಲೀಕರೊಡನೆ ಮುಂದಿನ ಮಾತುಕತೆಗೆ ಕೂರುವಾಗ ಸಂಬಳ, ರಜೆಗಳ ಜತೆಗೆ ಇದನ್ನೂ ನಾವು ಬರೆದು ಕೊಡಬೇಕು: ಪರೀಕ್ಷೆಗೆ ಸಂಬಳ ಸಹಿತ ಅರ್ಧ ದಿನ ಬಿಡುವು, ಲಸಿಕೆಯ ಖರ್ಚು ಮಾಲೀಕರದು, ವರದಿ ಕಾರ್ಮಿಕನ ಕೈಗೆ ಮಾತ್ರ, ‘ಬಿ’ಯ ನೆಪದಲ್ಲಿ ಯಾರನ್ನೂ ಕೆಲಸದಿಂದ ತೆಗೆಯಕೂಡದು.