ಒಂದು ಪಟ್ಟಿ ಹೆಚ್ಚಿದರೆ ಭಾರ ಯಾರ ಮೇಲೆ?

ಬೆಂಗಳೂರಿನಿಂದ ಹಾಸನ, ಸಕಲೇಶಪುರಗಳ ಕಡೆಗೆ ಹೊರಡುವ ಲಾರಿಗಳು ತುಮಕೂರು ರಸ್ತೆಯಲ್ಲಿ ಟಿ. ದಾಸರಹಳ್ಳಿಯನ್ನು ದಾಟಿ ನೆಲಮಂಗಲದಲ್ಲಿ ಪಡುವಣಕ್ಕೆ ತಿರುಗುತ್ತವೆ. ಪೀಣ್ಯ ಕೈಗಾರಿಕಾ ಪ್ರದೇಶದ ಮಗ್ಗುಲಲ್ಲಿರುವ ಈ ಹಾದಿಯ ಗ್ಯಾರೇಜುಗಳಲ್ಲಿ ಲಾರಿಗೆ ಬೇಕಾದ ಸಕಲ ಕೆಲಸವೂ ನಡೆಯುತ್ತದೆ. ಅವುಗಳಲ್ಲಿ ಒಂದು ಕೆಲಸ ಮಲೆನಾಡಿನವರ ಗಮನಕ್ಕೆ ಬರಬೇಕಾದುದು. ಅದು ವಾಹನದ ಸ್ಪ್ರಿಂಗ್ ಪಟ್ಟಿಗಳ ಕಟ್ಟನ್ನು ಬದಲಾಯಿಸುವುದು. ನಗರದ ಅಂಚಿನಲ್ಲಿ ಅರ್ಧ ದಿನದಲ್ಲಿ ಮುಗಿಯುವ ಈ ಮಾರ್ಪಾಡಿನ ಬೆಲೆಯನ್ನು ಘಟ್ಟದ ರಸ್ತೆ, ಮೋರಿ ಮತ್ತು ಮಣ್ಣು ವರ್ಷಗಟ್ಟಲೆ ತೆರುತ್ತವೆ.

ಸ್ಪ್ರಿಂಗ್ ಪಟ್ಟಿಯ ತತ್ತ್ವ ಸರಳವಾದುದು. ಬಾಗಿದ ಉಕ್ಕಿನ ಪಟ್ಟಿಗಳನ್ನು ಉದ್ದದಿಂದ ಗಿಡ್ಡಕ್ಕೆ ಒಂದರ ಕೆಳಗೊಂದು ಜೋಡಿಸಿ, ನಡುವೆ ಬೋಲ್ಟ್ ಹಾಕಿ, ಯು-ಬೋಲ್ಟುಗಳಿಂದ ಆಕ್ಸಲ್‌ಗೆ ಬಿಗಿಯಲಾಗುತ್ತದೆ. ಹಿಂದಿನ ಜಟಕಾ ಗಾಡಿಯ ಕಮಾನು ಇದೇ. ಭಾರ ಬಿದ್ದಾಗ ಪಟ್ಟಿಗಳು ಬಾಗಿ ಹೊಡೆತವನ್ನು ಹೀರುತ್ತವೆ. ಪಟ್ಟಿಗಳ ಸಂಖ್ಯೆ ಹೆಚ್ಚಿದಷ್ಟೂ ಕಟ್ಟು ಬಿಗಿಯಾಗುತ್ತದೆ. ಪಟ್ಟಿಯ ದಪ್ಪ ಎರಡು ಪಟ್ಟಾದರೆ ಅದರ ಬಿಗುವು ಎಂಟು ಪಟ್ಟಾಗುತ್ತದೆ. ಆದ್ದರಿಂದ ಮರಳು, ಜಲ್ಲಿ, ನಾಟಾ ಸಾಗಿಸುವ ಲಾರಿಯ ಮಾಲೀಕ ಒಂದೆರಡು ದಪ್ಪ ಪಟ್ಟಿ ಸೇರಿಸಿದರೆ ಹೆಚ್ಚು ಹೊರೆ ಹೇರಿದರೂ ಲಾರಿ ಕುಸಿದಂತೆ ಕಾಣುವುದಿಲ್ಲ. ಆದರೆ ಪಟ್ಟಿ ಸೇರಿದ ಮಾತ್ರಕ್ಕೆ ಆಕ್ಸಲ್, ಬೇರಿಂಗ್, ಟೈರ್, ಬ್ರೇಕುಗಳ ಶಕ್ತಿ ಹೆಚ್ಚುವುದಿಲ್ಲ.

ಬ್ರೇಕಿನ ವಿಷಯದಲ್ಲಿ ಇನ್ನೊಂದು ಅಪಾಯವಿದೆ. ಅನೇಕ ಭಾರಿ ವಾಹನಗಳಲ್ಲಿ ಹಿಂದಿನ ಚಕ್ರಗಳಿಗೆ ಎಷ್ಟು ಬ್ರೇಕ್ ಒತ್ತಡ ಹೋಗಬೇಕೆಂಬುದನ್ನು ಒಂದು ಕವಾಟ ನಿರ್ಧರಿಸುತ್ತದೆ. ಅದು ಭಾರವನ್ನು ತಿಳಿಯುವುದು ಚಾಸಿಗೂ ಆಕ್ಸಲ್‌ಗೂ ನಡುವಣ ಅಂತರದಿಂದ. ಪಟ್ಟಿ ಬಿಗಿಯಾಗಿ ಆ ಅಂತರ ಕುಗ್ಗದಿದ್ದರೆ, ತುಂಬಿದ ಲಾರಿಯನ್ನೂ ಕವಾಟ ಖಾಲಿ ಎಂದೇ ಎಣಿಸಿ ಹಿಂಬದಿಯ ಬ್ರೇಕನ್ನು ಕಡಿಮೆ ಮಾಡುತ್ತದೆ. ಶಿರಾಡಿ, ಚಾರ್ಮಾಡಿ ಘಟ್ಟಗಳ ಇಳಿಜಾರಿನಲ್ಲಿ ಇದರ ಅರ್ಥವೇನೆಂದು ವಿವರಿಸಬೇಕಾಗಿಲ್ಲ.

ರಸ್ತೆಯ ಲೆಕ್ಕ ಇನ್ನೂ ಕಠೋರವಾದುದು. ೧೯೫೦ರ ದಶಕದ ಕೊನೆಯಲ್ಲಿ ಅಮೆರಿಕದ ಇಲಿನಾಯ್ ರಾಜ್ಯದಲ್ಲಿ ನಡೆದ ರಸ್ತೆ ಪರೀಕ್ಷೆಯಿಂದ ಒಂದು ಸೂತ್ರ ರೂಪುಗೊಂಡಿತು: ರಸ್ತೆಗಾಗುವ ಹಾನಿ ಆಕ್ಸಲ್ ಭಾರದ ಸುಮಾರು ನಾಲ್ಕನೆಯ ಘಾತಕ್ಕೆ ಅನುಗುಣವಾಗಿ ಏರುತ್ತದೆ. ಭಾರ ಎರಡು ಪಟ್ಟಾದರೆ ಹಾನಿ ಹದಿನಾರು ಪಟ್ಟು. ಭಾರತದಲ್ಲಿ ರಸ್ತೆ ವಿನ್ಯಾಸಕ್ಕೆ ಅಳತೆಗೋಲಾಗಿರುವ ಆಕ್ಸಲ್ ಭಾರ ೮.೧೬ ಟನ್. ನಾಲ್ಕು ಟೈರುಗಳ ಒಂದು ಆಕ್ಸಲ್‌ಗೆ ಕಾನೂನು ಒಪ್ಪುವ ಮಿತಿಯನ್ನು ೨೦೧೮ರಲ್ಲಿ ೧೦.೨ ಟನ್ನಿನಿಂದ ೧೧.೫ ಟನ್ನಿಗೆ ಏರಿಸಲಾಯಿತು. ಅಂದರೆ ಕಾನೂನುಬದ್ಧ ಭಾರವೇ ಅಳತೆಗೋಲಿನ ಸುಮಾರು ನಾಲ್ಕು ಪಟ್ಟು ಹಾನಿ ಮಾಡಬಲ್ಲದು. ಪಟ್ಟಿ ಸೇರಿಸಿ ಅದೇ ಆಕ್ಸಲ್ ಮೇಲೆ ೧೫ ಟನ್ ಹೇರಿದರೆ ಹಾನಿ ಹನ್ನೊಂದು ಪಟ್ಟು ದಾಟುತ್ತದೆ. ಲಾಭ ಮೂರೂವರೆ ಟನ್ ಸರಕಿನ ಬಾಡಿಗೆ, ಅದು ಮಾಲೀಕನಿಗೆ. ನಷ್ಟ ಸುಮಾರು ಮೂರು ಪಟ್ಟು ಬೇಗ ಸವೆಯುವ ರಸ್ತೆ, ಅದು ಊರಿಗೆ. ಒಡೆದ ಡಾಂಬರಿನ ಬಿರುಕಿನಿಂದ ಮಳೆನೀರು ಒಳಗಿಳಿದಾಗ ಗುಡ್ಡ ಕಡಿದು ಮಾಡಿದ ರಸ್ತೆಯ ಅಂಚು ಸಡಿಲವಾಗುತ್ತದೆ.

ನಗರಕ್ಕೆ ಈ ವಿಷಯ ತಿಳಿಯದುದಲ್ಲ. ದಾಸರಹಳ್ಳಿಯ ಮೇಲೆಯೇ ಹಾದುಹೋಗುವ ಪೀಣ್ಯ ಮೇಲ್ಸೇತುವೆಯ ಕೇಬಲ್ಲುಗಳಲ್ಲಿ ದೋಷ ಕಂಡಾಗ ೨೦೨೧ರ ಡಿಸೆಂಬರಿನಲ್ಲಿ ಅದನ್ನು ಮುಚ್ಚಲಾಯಿತು. ೨೦೨೨ರ ಫೆಬ್ರುವರಿಯಲ್ಲಿ ಲಘು ವಾಹನಗಳಿಗೆ ತೆರೆದರೂ ಭಾರಿ ವಾಹನಗಳು ೨೦೨೪ರ ಜುಲೈವರೆಗೆ ಕಾಯಬೇಕಾಯಿತು. ಅಲ್ಲಿನ ದೋಷ ಲಾರಿಗಳದ್ದಲ್ಲ. ಆದರೂ ಭಾರವನ್ನು ತಡೆದು, ತಜ್ಞರಿಂದ ಪರೀಕ್ಷೆ ನಡೆಸಿ, ಅನಂತರವೇ ಬಿಡಲಾಯಿತು. ಮಲೆನಾಡಿನ ಹಳ್ಳದ ಮೇಲಿನ ಹಳೆಯ ಮೋರಿಗೆ ಅಂಥ ಪರೀಕ್ಷೆ ನಡೆಯುವುದು ಅದು ಕುಸಿದ ಮೇಲೆ.

ಮಾರ್ಪಾಡಿನ ಎರಡನೆಯ ಬಗೆ ಜೀಪುಗಳದ್ದು. ಹೊರೆಗಾಗಿ ಅಲ್ಲ, ಎತ್ತರಕ್ಕಾಗಿ. ಹೆಚ್ಚು ಬಾಗಿದ ಪಟ್ಟಿ ಹಾಕಿ, ಇಲ್ಲವೇ ಆಕ್ಸಲ್ ಕೆಳಗಿದ್ದ ಕಟ್ಟನ್ನು ಮೇಲಕ್ಕೆ ಕೂರಿಸಿ, ದೊಡ್ಡ ಟೈರುಗಳಿಗೆ ಎಡೆಮಾಡಲಾಗುತ್ತದೆ. ಗುರುತ್ವ ಕೇಂದ್ರ ಮೇಲೇರುವುದರಿಂದ ಅಡ್ಡ ಇಳಿಜಾರಿನಲ್ಲಿ ಮಗುಚುವ ಸಂಭವ ಹೆಚ್ಚುತ್ತದೆ. ಅದಕ್ಕಿಂತ ಮುಖ್ಯವಾದುದು, ಮೊದಲು ಹೋಗಲಾಗದ ಕಡೆಗೆ ವಾಹನ ಹೋಗತೊಡಗುತ್ತದೆ. ಮಾಂದಲಪಟ್ಟಿ, ಮುಳ್ಳಯ್ಯನಗಿರಿಯಂಥ ಎತ್ತರದ ಹುಲ್ಲುಗಾವಲುಗಳ ಮಣ್ಣು ಮಳೆಯನ್ನು ಹೀರಿ ಶೋಲಾ ಕಾಡಿನ ತೊರೆಗಳಿಗೆ ನಿಧಾನವಾಗಿ ಬಿಡುವಂಥದು. ಒದ್ದೆ ಮಣ್ಣಿನ ಮೇಲೆ ಚಕ್ರ ಹರಿದಾಗ ಕಣಗಳ ನಡುವಣ ರಂಧ್ರಗಳು ಮುಚ್ಚುತ್ತವೆ. ಮೊದಲ ಕೆಲವು ಓಡಾಟಗಳಲ್ಲೇ ಹೆಚ್ಚಿನ ಹಾನಿ ಆಗಿಹೋಗುತ್ತದೆ. ಒಳಗಿಳಿಯಬೇಕಾದ ನೀರು ಚಕ್ರದ ಜಾಡಿನಲ್ಲಿ ಹರಿದು ಜಾಡನ್ನು ಕೊರಕಲಾಗಿಸುತ್ತದೆ. ಮೇಲ್ಮಣ್ಣಿನ ಬಿಗಿತ ಬೇರು, ಎರೆಹುಳುಗಳಿಂದ ಕಾಲಾಂತರದಲ್ಲಿ ಸಡಿಲಗೊಂಡೀತು. ಭಾರಿ ಆಕ್ಸಲ್ ಆಳಕ್ಕೆ ಒತ್ತಿದ ಮಣ್ಣು ದಶಕಗಳಾದರೂ ಹಾಗೆಯೇ ಉಳಿಯಬಹುದು.

ಇದರರ್ಥ ಜೀಪೇ ಬೇಡವೆಂದಲ್ಲ. ಮಳೆಗಾಲದಲ್ಲಿ ರೋಗಿಯನ್ನು, ಬಾಣಂತಿಯನ್ನು ಆಸ್ಪತ್ರೆಗೆ ಮುಟ್ಟಿಸುವುದು, ಕಾಫಿ, ಅಡಿಕೆಯನ್ನು ಪೇಟೆಗೆ ಒಯ್ಯುವುದು ಅದೇ. ತುಂಡಾದ ಪಟ್ಟಿಗೆ ಬದಲಾಗಿ ತಯಾರಕರು ಹೇಳಿದ ಅಳತೆಯ ಪಟ್ಟಿ ಹಾಕುವುದು ದುರಸ್ತಿ; ಅದು ಆಗಲೇಬೇಕು. ಆಕ್ಷೇಪವಿರುವುದು ಮಿತಿ ಮೀರಿ ಹೇರುವುದಕ್ಕೆಂದೇ, ಗುಡ್ಡ ಉಳುವುದಕ್ಕೆಂದೇ ಮಾಡುವ ಬದಲಾವಣೆಗೆ.

ಕಾನೂನಿಗೆ ಕೊರತೆಯಿಲ್ಲ. ಮೋಟಾರು ವಾಹನ ಕಾಯ್ದೆಯ ೫೨ನೆಯ ಕಲಮಿನಂತೆ, ತಯಾರಕರ ಮೂಲ ವಿವರಗಳಿಗೆ ವ್ಯತ್ಯಾಸ ಬರುವಂತೆ ವಾಹನವನ್ನು ಮಾರ್ಪಡಿಸಲಾಗದೆಂದು ಸುಪ್ರೀಂ ಕೋರ್ಟು ೨೦೧೯ರ ಜನವರಿಯಲ್ಲಿ ಸ್ಪಷ್ಟಪಡಿಸಿತು. ಒಂದು ಪಟ್ಟಿಯ ಸೇರ್ಪಡೆ ಅದಕ್ಕೆ ಒಳಪಡುವುದೇ ಎಂದು ವಾದಿಸಬಹುದು; ಹೇರಿದ ಭಾರದ ಬಗ್ಗೆ ವಾದಕ್ಕೆ ಎಡೆಯಿಲ್ಲ. ಅದೇ ವರ್ಷದ ತಿದ್ದುಪಡಿಯಂತೆ ಮಿತಿ ಮೀರಿದ ಭಾರಕ್ಕೆ ೨೦,೦೦೦ ರೂಪಾಯಿ, ಜೊತೆಗೆ ಪ್ರತಿ ಹೆಚ್ಚುವರಿ ಟನ್ನಿಗೆ ೨,೦೦೦ ರೂಪಾಯಿ ದಂಡವಿದೆ. ಹೆಚ್ಚಿನ ಭಾರ ಇಳಿಸದೆ ವಾಹನ ಮುಂದೆ ಹೋಗುವಂತಿಲ್ಲ. ರಸ್ತೆ ಅಥವಾ ಸೇತುವೆಯ ಸ್ಥಿತಿ ನೋಡಿ ವಾಹನಗಳನ್ನು ನಿರ್ಬಂಧಿಸಲು ೧೧೫ನೆಯ ಕಲಮು ಅಧಿಕಾರ ಕೊಡುತ್ತದೆ.

ಈ ಅಧಿಕಾರಗಳು ತಾವಾಗಿ ಎಚ್ಚರಗೊಳ್ಳುವುದಿಲ್ಲ. ಗ್ರಾಮಸಭೆಗಳು ತಮ್ಮ ಮೋರಿಗಳ ಪಟ್ಟಿ ಮಾಡಿ, ಭಾರದ ಮಿತಿಯನ್ನು ಫಲಕದಲ್ಲಿ ಬರೆಸುವಂತೆ ಜಿಲ್ಲಾಡಳಿತವನ್ನು ಕೇಳಬೇಕು. ಮರಳು, ಜಲ್ಲಿ ತುಂಬುವ ಸ್ಥಳದಲ್ಲೇ ತೂಕವಾಗಬೇಕು. ಘಟ್ಟದ ನಡುವೆ ತಡೆದರೆ ಇಳಿಸಲು ಜಾಗವಾದರೂ ಎಲ್ಲಿದೆ? ಫಿಟ್‌ನೆಸ್ ತಪಾಸಣೆಯಲ್ಲಿ ಪಟ್ಟಿಗಳನ್ನು ಎಣಿಸಿ ಅಳೆಯುವುದಕ್ಕೆ ದೊಡ್ಡ ಯಂತ್ರವೇನೂ ಬೇಕಿಲ್ಲ. ಕಾಲೇಜು ವಿದ್ಯಾರ್ಥಿಗಳು ಒಂದು ಜೂನ್ ತಿಂಗಳಿನಿಂದ ಮುಂದಿನ ಜೂನ್‌ವರೆಗೆ ತಮ್ಮೂರ ಗುಡ್ಡದ ಒಂದು ಚಕ್ರಜಾಡಿನ ಆಳ, ಅಗಲಗಳನ್ನು ಅಳೆದು ಬರೆದಿಟ್ಟರೆ, ಅದು ಯಾವ ಕಚೇರಿಯೂ ತಳ್ಳಿಹಾಕಲಾಗದ ಸಾಕ್ಷ್ಯವಾದೀತು.